ಗುಂಡನಿಗೊಂದು ಪತ್ರ, ಎರಡು ಥಾಲರ್ ಲೆಕ್ಕದಲ್ಲಿ

ಲೇ ಗುಂಡ,

ಇದೇನು, ಅಸಲಿನಾ ಅಂತ ಕೇಳಿ ಫ್ರಾಂಕ್‌ಫರ್ಟ್‌ನ ಹಳೇ ಸಾಮಾನಿನ ಸಂತೆಯಿಂದ ನೀ ಕಳಿಸಿದ ಕಾಯಿನ್ ಫೋಟೊ ನೋಡ್ದೆ. ವಾಟ್ಸಾಪಲ್ಲೇ ಉತ್ತರ ಹೇಳ್ಬಹುದಿತ್ತು, ಇಲ್ಲಿ ಬರೆದ್ರೆ ನಾಕು ಲೈಕ್ ಆದ್ರೂ ಬೀಳ್ತವೆ. ಮೊದ್ಲು ತೂಕ ಹಾಕ್ಸು. ಅಸಲಿ ಆದ್ರೆ 37 ಗ್ರಾಂ ಚಿಲ್ಲರೆ ಬರ್ಬೇಕು, ಅದ್ರಲ್ಲಿ ನೂರಕ್ಕೆ ತೊಂಬತ್ತು ಬೆಳ್ಳಿ.

ನಾಣ್ಯದ ಹಿಂಬದಿ ಬರೆದಿರೋದು ಓದಿದ್ಯಾ? ಒಂದೇ ನಾಣ್ಯದ ಮೇಲೆ ಎರಡು ಬೆಲೆ, 2 ಥಾಲರ್, 3½ ಗುಲ್ಡನ್, ಎರಡೂ ಹಳೇ ಜರ್ಮನ್ ದುಡ್ಡು! ಜೊತೆಗೆ ರೋಮನ್ ಏಳು, ಅಂದ್ರೆ ಇಂಥವು ಏಳು ಸೇರಿದ್ರೆ ಒಂದು ಕಲೋನ್ ಮಾರ್ಕ್ ಅನ್ನೋ ಹಳೇ ತೂಕದಷ್ಟು, ಸುಮಾರು 234 ಗ್ರಾಂ, ಅಪ್ಪಟ ಬೆಳ್ಳಿ. ಜರ್ಮನಿಯ ಉತ್ತರದಲ್ಲಿ ಪ್ರಶ್ಯದೋರದ್ದು ಥಾಲರ್ ಲೆಕ್ಕ, ದಕ್ಷಿಣದಲ್ಲಿ ಬವೇರಿಯಾ ಕಡೆಯೋರದ್ದು ಗುಲ್ಡನ್ ಲೆಕ್ಕ, ಒಂದು ಥಾಲರ್‌ಗೆ ಒಂದೂಮುಕ್ಕಾಲು ಗುಲ್ಡನ್. 1838ರಲ್ಲಿ ಡ್ರೆಸ್ಡನ್‌ನಲ್ಲಿ ಕೂತು ಒಪ್ಪಂದ ಮಾಡ್ಕೊಂಡು, ಜಗಳನೇ ಬೇಡ ಅಂತ ಎರಡನ್ನೂ ಅಚ್ಚು ಹಾಕ್ಸಿಬಿಟ್ರು.

ಅದನ್ನ ಝೂಮ್ ಮಾಡಿ ನೋಡ್ತಾ ಕೂತಾಗ ಯಾಕೋ ಸಂಕಟ ಆಯ್ತಲೇ. ನೀ ಏನ್ ಹೇಳಿದ್ರೂ ನಾನು ಒಳಗೊಳಗೇ ರೂಪಾಯಿಗೆ ಕನ್ವರ್ಟ್ ಮಾಡ್ತಿರ್ತೀನಿ, ನಿನ್ ಮನೆ ಬಾಡಿಗೆ, ಮಗಳ ಸೈಕಲ್ಲು, ಕೊನೆಗೆ ನಿನ್ ಹೇರ್‌ಕಟ್ಟೂ. ಹೋದ್ಸಲ ಬಂದಾಗ ಬಿಲ್ಲು ನನ್ ಕೈಗೆ ಸಿಗೋಕೂ ಮುಂಚೆ ನೀನೇ ಕೊಟ್ಯಲ್ಲ, ಅಲ್ಲಿ ನಕ್ಕೆ, ಮನೆಗೆ ಬಂದು ಹೆಂಡ್ತಿ ಹತ್ರ ಬರೀ ಶೋಕಿ ಅವಂದು ಅಂದೆ. ಆಮೇಲೆ ನಿನ್ ಫೋನ್ ಬಂದಾಗೆಲ್ಲ ಮೀಟಿಂಗಲ್ಲಿದೀನಿ ಅಂತ ಕಟ್ ಮಾಡ್ತಿದ್ನಲ್ಲ, ಕೆಲ್ಸ ಹೋಗಿ ತಿಂಗಳುಗಳಾಗಿದ್ವು, ಯಾವ ಮೀಟಿಂಗೂ ಇರ್ಲಿಲ್ಲ ಕಣೋ.

ಇಷ್ಟೆಲ್ಲ ಬರೆಯೋ ಪ್ಲಾನ್ ಇರ್ಲಿಲ್ಲ. ಬಿಡು, ಇದೆಲ್ಲ ನಿಮ್ಮ ಜರ್ಮನ್ರ ಕಿತಾಪತಿ. ಅವ್ರು ಬೆಳ್ಳಿ ದುಡ್ಡು ಬಿಟ್ಟು ಚಿನ್ನದ ಹಿಂದೆ ಹೋಗಿ, 1873ರಲ್ಲಿ ಒಂದು ಥಾಲರ್‌ಗೆ 3 ಮಾರ್ಕ್ (ಇದು ತೂಕ ಅಲ್ಲ, ಹೊಸ ದುಡ್ಡು) ಅಂತ ಲೆಕ್ಕ ಕಟ್ಟಿ, ರಾಶಿ ರಾಶಿ ಹಳೇ ಬೆಳ್ಳಿ ಮಾರೋಕೆ ಕೂತ್ರು, ಅಮೆರಿಕದ ಹೊಸ ಗಣಿಗಳ ಬೆಳ್ಳಿನೂ ಸೇರ್ಕೊಂಡು ರೇಟು ಬಿತ್ತು, ಬ್ರಿಟಿಷರ ದುಡ್ಡಲ್ಲಿ ಎರಡು ಶಿಲಿಂಗ್ ಹತ್ರ ಇದ್ದ ನಮ್ಮ ಬೆಳ್ಳಿ ರೂಪಾಯಿನೂ ಅದರ ಜೊತೆ ಜಾರಿ ಜಾರಿ, 1893ರಲ್ಲಿ ಬ್ರಿಟಿಷರು ಜನ ತಂದ ಬೆಳ್ಳಿಗೆ ಇಲ್ಲಿನ ಟಂಕಸಾಲೆಲಿ ರೂಪಾಯಿ ಹೊಡೆದು ಕೊಡೋದನ್ನೇ ನಿಲ್ಲಿಸಿದ್ರು. ಹಂಗಾಗಿ ಮುಂದಿನ ಸಲ ದಾವಣಗೆರೆಗೆ ಬಂದಾಗ ಬೆಣ್ಣೆ ದೋಸೆ ದುಡ್ಡು ನೀನೇ ಕೊಡು, ಹಳೇ ಬಾಕಿ ಅಂತ ಜಮಾ ಮಾಡ್ಕೋತೀನಿ, ಎಕ್ಸ್‌ಟ್ರಾ ಬೆಣ್ಣೆ ಮಾತ್ರ ನಂದು.

ಮೇಷ್ಟ್ರ ಕೊಡೆ ವಿಷಯ ಯಾರಾದ್ರೂ ಕಾಮೆಂಟಲ್ಲಿ ಎತ್ತಿದ್ರೆ ಬ್ಲಾಕ್ ಮಾಡ್ತೀನಿ, ನಿನ್ನೂ ಸೇರ್ಸಿ.

ಇಂತಿ,
ನಿನ್ನ ಚಿಲ್ರೆ