ಸಮುದ್ರದ ಬಾವಿ ಸುದ್ದಿಗೂ ಲಿಂಗನಮಕ್ಕಿ ಲೆಕ್ಕ ಬೇಕು

ಸಂಪಾದಕರಿಗೆ ನಮಸ್ಕಾರ.

ಈಚೆಗೆ ನಿಮ್ಮ ವಾಣಿಜ್ಯ ಪುಟದಲ್ಲಿ, ಕಂಪನಿಯೊಂದು ಸಮುದ್ರದಲ್ಲಿ ಕೊರೆಯುತ್ತಿರುವ ಬಾವಿಯಲ್ಲಿ ತೈಲದ ಸುಳಿವು ಸಿಕ್ಕಿದೆ ಎಂಬ ಸುದ್ದಿ ಬಂತು. ಷೇರು ಎಷ್ಟು ಏರಿತು ಎಂಬುದು ಶೀರ್ಷಿಕೆಯಲ್ಲೇ ಇತ್ತು. ಆ ಬಾವಿಯಲ್ಲಿ ಕಂಪನಿಯ ಪಾಲು ಎಷ್ಟು, ಪರೀಕ್ಷೆ ಆಗಿದೆಯೋ ಇಲ್ಲವೋ, ಮುಂದಿನ ಬಾವಿಗೆ ದುಡ್ಡು ಎಲ್ಲಿಂದ ತರುತ್ತಾರೆ, ಇದ್ಯಾವುದೂ ಇರಲಿಲ್ಲ. ಅದಕ್ಕೇ ಈ ಪತ್ರ.

ಸಾಗರದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಬೆಳೆ ವಿಮೆ ಅರ್ಜಿ, ಮಕ್ಕಳ ಪ್ರಾಜೆಕ್ಟ್ ಪ್ರಿಂಟ್, ಇದೇ ನನ್ನ ಕೆಲಸ. ಕೆಲವು ವರ್ಷಗಳಿಂದ ಇನ್ನೊಂದು ಸೇರಿಕೊಂಡಿದೆ. ಜನ ಮೊಬೈಲ್ ಹಿಡಿದುಕೊಂಡು ಬರುತ್ತಾರೆ. "ಇದೊಂದು ಪ್ರಿಂಟ್ ಕೊಡಿ, ಹಾಗೇ ಎಂತ ಬರೆದಿದ್ದಾರೆ ಅಂತ ಸ್ವಲ್ಪ ಹೇಳಿ ಮಾರಾಯ್ರೆ" ಅನ್ನುತ್ತಾರೆ. ತೆರೆದು ನೋಡಿದರೆ ಷೇರುಪೇಟೆಗೆ ಕಂಪನಿ ಕೊಟ್ಟ ಇಂಗ್ಲಿಷ್ ಪ್ರಕಟಣೆ. ಬರುವವರು ಅಡಿಕೆ ಬೆಳೆಗಾರರು, ನಿವೃತ್ತ ಮೇಷ್ಟ್ರುಗಳು, ಒಬ್ಬರು ಅಂಗನವಾಡಿ ಟೀಚರ್, ಒಬ್ಬರು ಬಸ್ ಡ್ರೈವರ್. ಸಿಗಂದೂರು ಸೇತುವೆ ಆದ ಮೇಲೆ ತುಮರಿ ಕಡೆಯವರೂ ಲಾಂಚ್ ಕಾಯದೆ ಬರುತ್ತಾರೆ. ಅಡಿಕೆ ಮಾರಿದ ದುಡ್ಡು ಕೈಗೆ ಬರುವ ತಿಂಗಳುಗಳಲ್ಲಿ ಈ ಗಿರಾಕಿಗಳು ಜಾಸ್ತಿ.

ಇವರಲ್ಲಿ ಸುಮಾರು ಜನ ಒಂದೇ ಕಂಪನಿಯ ಹಿಂದೆ ಬಿದ್ದಿದ್ದರು. ಅದರ ಹೆಸರು ಬೇಡ. ಸಣ್ಣ ಕಂಪನಿ, ಸಮುದ್ರದ ಬ್ಲಾಕ್ ಒಂದರಲ್ಲಿ, ಅಂದರೆ ತೈಲ ಹುಡುಕಲು ಗುರುತಿಸಿ ಕೊಟ್ಟ ಜಾಗದಲ್ಲಿ, ಪಾಲುದಾರ. ಆವಿನಹಳ್ಳಿ ಕಡೆಯ ಒಬ್ಬ ಬೆಳೆಗಾರರು ಹಡಗುಗಳ ಓಡಾಟ ತೋರಿಸುವ ಆ್ಯಪ್ ಹಾಕಿಕೊಂಡಿದ್ದಾರೆ. ಬಾವಿ ಕೊರೆಯುವ ರಿಗ್ ಎಲ್ಲಿ ನಿಂತಿದೆ, ಅದಕ್ಕೆ ಸಾಮಾನು ಒಯ್ಯುವ ಹಡಗು ಯಾವ ಬಂದರಿನಿಂದ ಹೊರಟಿತು, ಎಲ್ಲ ಅವರಿಗೆ ಗೊತ್ತು. ಆ ಹಡಗು ರಿಗ್ ಪಕ್ಕ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಸಾಕು, "ಟೆಸ್ಟಿಂಗ್ ಶುರುವಾಯ್ತು" ಎಂದು ಇವರೆಲ್ಲ ಇರುವ ಮೊಬೈಲ್ ಗ್ರೂಪಿಗೆ ಮೆಸೇಜ್ ಹೋಗುತ್ತದೆ. ತೋಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಗುಡ್ಡ ಹತ್ತಿ ನೋಡುತ್ತಾರೆ. ಅಷ್ಟು ಶ್ರದ್ಧೆ.

"ಆ ಬ್ಲಾಕಿನಲ್ಲಿ ಈ ಕಂಪನಿಯ ಪಾಲೆಷ್ಟು?" ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಅಂಗಡಿಯಲ್ಲೇ ಕೂತು ವಾರ್ಷಿಕ ವರದಿ ತೆಗೆದು ಹುಡುಕಿದೆವು. ಹತ್ತರಲ್ಲಿ ಒಂದು ಪಾಲು.

ಅಂದರೆ ಏನು ಸಿಕ್ಕಿದರೂ ಕಂಪನಿಗೆ ಹತ್ತರಲ್ಲೊಂದು. ಅದರಲ್ಲೂ ರಾಯಲ್ಟಿ, ಸರ್ಕಾರದ ಪಾಲು ಕಳೆಯಬೇಕು. ಖರ್ಚಿನಲ್ಲಿ ಮಾತ್ರ ಹತ್ತರಲ್ಲೊಂದು ಪೂರ್ತಿ ಕೊಡಬೇಕು, ಬಾವಿ ಬರಿದಾಗಿದ್ದರೂ ಕೊಡಬೇಕು. ಕಟ್ಟದಿದ್ದರೆ ಪಾಲನ್ನೇ ಕಳೆದುಕೊಳ್ಳುವ ಷರತ್ತು ಇಂಥ ಪಾಲುದಾರಿಕೆ ಒಪ್ಪಂದಗಳಲ್ಲಿ ಸಾಮಾನ್ಯ. ನನ್ನ ಪ್ರಕಾರ ಸಣ್ಣ ಹೂಡಿಕೆದಾರರು ನೋಡಬೇಕಾದ್ದು ರಿಗ್ ಅಲ್ಲ, ಈ ಖರ್ಚಿನ ಬಿಲ್.

ನಮ್ಮ ಕಡೆ ಎಲ್ಲರೂ ಇದನ್ನು ಬೋರ್‌ವೆಲ್ ಲೆಕ್ಕದಲ್ಲಿ ನೋಡುತ್ತಾರೆ. ಬೋರಿನಲ್ಲಿ ನೀರು ಚಿಮ್ಮಿದರೆ ಮಾರನೇ ದಿನ ಪಂಪ್ ಇಳಿಸಬಹುದು. ಸಮುದ್ರದ ಬಾವಿ ಹಾಗಲ್ಲ. ಕೊರೆಯುವಾಗ ಮೇಲೆ ಬರುವ ಕಲ್ಲಿನ ಚೂರಿನಲ್ಲಿ, ಕೆಸರಿನಲ್ಲಿ ತೈಲ ಅನಿಲದ ಕುರುಹು ಕಾಣುವುದು ಮೊದಲ ಹಂತ. ಆಮೇಲೆ ಬಾವಿಯೊಳಗೆ ಉಪಕರಣ ಇಳಿಸಿ ಕಲ್ಲಿನ ಪದರ ಅಳೆಯುತ್ತಾರೆ. ಆಮೇಲೆ ಹರಿಯಲು ಬಿಟ್ಟು ನೋಡುತ್ತಾರೆ. ಹರಿದರೆ, ಪದರ ಎಷ್ಟು ದೂರ ಹರಡಿದೆ ಎಂದು ತಿಳಿಯಲು ಸುತ್ತಮುತ್ತ ಇನ್ನಷ್ಟು ಬಾವಿ. ಲಾಭಕ್ಕೆ ತೆಗೆಯಬಹುದು ಎಂದಾದರೆ ಡಿಜಿಎಚ್‌ಗೆ, ಅಂದರೆ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯಕ್ಕೆ, ತಿಳಿಸಿ ಯೋಜನೆ ಒಪ್ಪಿಸಬೇಕು. ಪ್ಲಾಟ್‌ಫಾರ್ಮ್, ಪೈಪ್‌ಲೈನ್ ಎಲ್ಲ ಅದರ ನಂತರ. ಗ್ರೂಪಿನಲ್ಲಿ ಹಬ್ಬ ನಡೆಯುವುದು ಮೊದಲ ಹಂತಕ್ಕೇ.

2025ರ ಸೆಪ್ಟೆಂಬರ್‌ನಲ್ಲಿ ಅಂಡಮಾನ್ ಪೂರ್ವ ಕರಾವಳಿಯ ಬಾವಿಯ ಸುದ್ದಿ ನೆನಪಿರಬಹುದು. ಆಯಿಲ್ ಇಂಡಿಯಾ ಕೊರೆದ ಶ್ರೀ ವಿಜಯಪುರಂ-2 ಬಾವಿ. ತೀರದಿಂದ ಸುಮಾರು 17 ಕಿಲೋಮೀಟರ್ ದೂರ, 295 ಮೀಟರ್ ನೀರು. ಪರೀಕ್ಷೆಯಲ್ಲಿ ಅನಿಲ ಬಿಟ್ಟುಬಿಟ್ಟು ಉರಿಯಿತು, ಮಾದರಿಯಲ್ಲಿ ಶೇ 87 ಮೀಥೇನ್ ಇತ್ತು. ನಿಕ್ಷೇಪ ಎಷ್ಟು ದೊಡ್ಡದು, ತೆಗೆಯುವುದು ಲಾಭವೇ ಎಂಬುದನ್ನು ಇನ್ನೂ ಪರಿಶೀಲಿಸಬೇಕು ಎಂದು ಪೆಟ್ರೋಲಿಯಂ ಸಚಿವ ಹರ್ದೀಪ್ ಸಿಂಗ್ ಪುರಿ ಅವರೇ ಆಗ ತಿಳಿಸಿದ್ದರು. ಆ ಮಾತು ನಮ್ಮೂರಿನ ಮೊಬೈಲುಗಳಿಗೆ ಬರಲೇ ಇಲ್ಲ. ಉರಿಯುವ ಜ್ವಾಲೆಯ ವಿಡಿಯೊ ಮಾತ್ರ ಬಂತು.

ಹಳೆಯ ಲೆಕ್ಕಗಳನ್ನೂ ಸ್ವಲ್ಪ ನೋಡಿ. 2005ರಲ್ಲಿ ಗುಜರಾತ್ ಸರ್ಕಾರದ ಜಿಎಸ್‌ಪಿಸಿ ಕಂಪನಿಗೆ ಕೃಷ್ಣಾ-ಗೋದಾವರಿ ಕಡಲಲ್ಲಿ 20 ಲಕ್ಷ ಕೋಟಿ ಘನ ಅಡಿ ಅನಿಲ ಸಿಕ್ಕಿದೆ ಎಂದು ಘೋಷಣೆ ಆಯಿತು. ಆಮೇಲೆ ತೆಗೆಯಲು ಸಾಧ್ಯ ಎಂದು ಲೆಕ್ಕ ಸಿಕ್ಕಿದ್ದು ಅದರ ಒಂದು ಸಣ್ಣ ಭಾಗ. 2017ರಲ್ಲಿ ಆ ಬ್ಲಾಕಿನ ಶೇ 80 ಪಾಲನ್ನು ಕೇಂದ್ರ ಸರ್ಕಾರದ ತೈಲ ಕಂಪನಿ ಒಎನ್‌ಜಿಸಿ ಕೊಂಡಿತು. ಅದೇ ಕಡಲಿನ ರಿಲಯನ್ಸ್ ಕೆಜಿ-ಡಿ6 ಬ್ಲಾಕಿನಲ್ಲಿ ಅನಿಲ ನಿಜವಾಗಿಯೂ ಹರಿಯಿತು. 2009ರಲ್ಲಿ ಶುರುವಾಗಿ 2010ರಲ್ಲಿ ದಿನಕ್ಕೆ ಸುಮಾರು 6 ಕೋಟಿ ಘನ ಮೀಟರ್ ಮುಟ್ಟಿತು. ನಂತರ ಬಾವಿಗಳಿಗೆ ನೀರು, ಮರಳು ನುಗ್ಗಿ ಕೆಲವೇ ವರ್ಷಗಳಲ್ಲಿ ಕಾಲು ಭಾಗದಷ್ಟಕ್ಕೆ ಇಳಿಯಿತು. ಇನ್ನು ಒಎನ್‌ಜಿಸಿ. ಪಕ್ಕದ 98/2 ಬ್ಲಾಕಿನ ಪಾಲನ್ನು ಅದು ಕೊಂಡಿದ್ದು 2005ರಲ್ಲಿ, ಅಲ್ಲಿನ ಆಳ ನೀರಿನಿಂದ ಮೊದಲ ತೈಲ ಬಂದಿದ್ದು 2024ರ ಜನವರಿಯಲ್ಲಿ. ದೊಡ್ಡ ಕಂಪನಿ, ಬೇರೆ ಕಡೆಯಿಂದ ಆದಾಯ ಇದೆ, ಕಾಯಬಹುದು. ಒಂದೇ ಬ್ಲಾಕ್ ನಂಬಿದ ಸಣ್ಣ ಕಂಪನಿ ಅಷ್ಟು ವರ್ಷ ಉಸಿರು ಹಿಡಿದಿರಬೇಕಲ್ವಾ?

ಹೊರದೇಶದ ಒಂದು ಉದಾಹರಣೆಯನ್ನು ನಾನು ಗಿರಾಕಿಗಳಿಗೆ ಆಗಾಗ ಹೇಳುತ್ತೇನೆ. ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳ ಹತ್ತಿರ 2010ರಲ್ಲಿ ಲಂಡನ್ ಪೇಟೆಯ ಎರಡು ಸಣ್ಣ ಕಂಪನಿಗಳು ಕೊರೆದವು. ಡಿಸೈರ್ ಪೆಟ್ರೋಲಿಯಂ ಡಿಸೆಂಬರ್ ಮೊದಲ ವಾರ ತನ್ನ ಬಾವಿಯಲ್ಲಿ ಎಣ್ಣೆ ಇದೆ ಎಂದಿತು. ಕೆಲವೇ ದಿನಗಳಲ್ಲಿ, ಅದು ಬಹುಪಾಲು ನೀರು ಎಂದಿತು. ಷೇರು ಕುಸಿಯಿತು. ಇದು ಎಲ್ಲರಿಗೂ ಅರ್ಥವಾಗುವ ಕಥೆ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಇನ್ನೊಂದು ಕಂಪನಿ, ರಾಕ್‌ಹಾಪರ್. ಅದಕ್ಕೆ ಅದೇ ವರ್ಷ ಮೇ ತಿಂಗಳಲ್ಲಿ ಸೀ ಲಯನ್ ಎಂಬ ಕಡೆ ನಿಜವಾಗಿಯೂ ಎಣ್ಣೆ ಸಿಕ್ಕಿತು. ಅಷ್ಟು ದೂರದ ಕಡಲಿನಿಂದ ಅದನ್ನು ತೆಗೆಯುವಷ್ಟು ಹಣ ಇರಲಿಲ್ಲ. ಪಾಲಿನ ದೊಡ್ಡ ಭಾಗ ಬೇರೆ ಕಂಪನಿಗೆ ಬಿಟ್ಟುಕೊಟ್ಟಿತು. ಹದಿನೈದು ವರ್ಷ ಕಳೆದು 2025 ಬಂದರೂ ಅಲ್ಲಿಂದ ಒಂದು ಪೀಪಾಯಿ ಎಣ್ಣೆ ಮಾರಾಟಕ್ಕೆ ಬಂದಿರಲಿಲ್ಲ. ಬಾವಿ ಗೆದ್ದಿತ್ತು. ಷೇರು ಹಿಡಿದು ಕೂತವರು ಏನು ಗೆದ್ದರು?

ನಮ್ಮವರು ಹಿಂದೆ ಬಿದ್ದ ಆ ಸಣ್ಣ ಕಂಪನಿಯಲ್ಲೂ ಇಂಥದ್ದೇ ಆಯಿತು. ಕುರುಹು ಸಿಕ್ಕಿದೆ ಎಂಬ ಪ್ರಕಟಣೆ ಬಂದ ದಿನ ಷೇರು ಅಪ್ಪರ್ ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಏರಬಹುದಾದ ಮಿತಿ ಮುಟ್ಟಿತು. ಮಾರುವವರೇ ಇಲ್ಲ. ಗುಡ್ಡ ಹತ್ತಿ ಸಿಗ್ನಲ್ ಹಿಡಿದವರಿಗೆ ಷೇರು ಸಿಕ್ಕಿದ್ದು ಮೂರನೇ ದಿನ, ಮೇಲಿನ ಬೆಲೆಗೆ. ಪರೀಕ್ಷೆಯ ಫಲಿತಾಂಶ ಸಾಧಾರಣ ಎಂದು ಆಮೇಲೆ ಗೊತ್ತಾಯಿತು. ಅಷ್ಟರೊಳಗೆ ಕಂಪನಿ ತನ್ನ ಪಾಲಿನ ಖರ್ಚಿಗೆಂದು ಆಯ್ದ ಕೆಲವರಿಗೆ ಹೊಸ ಷೇರು ಹಂಚಲು ಒಪ್ಪಿಗೆ ಪಡೆದಿತ್ತು. ಹೊಸ ಷೇರು ಬಂದಷ್ಟೂ ಹಳೆಯವರ ತುಂಡು ಸಣ್ಣದು. ಇದರಲ್ಲಿ ಕಾನೂನುಬಾಹಿರ ಏನೂ ಇಲ್ಲ, ಎಲ್ಲವೂ ಪ್ರಕಟಣೆಯಲ್ಲೇ ಇತ್ತು. ಒಬ್ಬ ನಿವೃತ್ತ ಮೇಷ್ಟ್ರು ನನ್ನ ಅಂಗಡಿಯ ಕಂಪ್ಯೂಟರಿನಿಂದಲೇ ಕಂಪನಿಯ ವಾರ್ಷಿಕ ಸಭೆಗೆ ವಿಡಿಯೊದಲ್ಲಿ ಸೇರಿ, ಮುಂದಿನ ಬಾವಿಗೆ ಮತ್ತೆ ಷೇರು ಹಂಚುತ್ತೀರಾ ಎಂದು ನೆಟ್ಟಗೆ ಕೇಳಿದರು. ಇಮೇಲ್‌ನಲ್ಲಿ ಉತ್ತರ ಕೊಡುತ್ತೇವೆ ಅಂದರು ಕಂಪನಿಯವರು. ಮೇಷ್ಟ್ರು ಈಗಲೂ ಬಂದಾಗೆಲ್ಲ ಇನ್‌ಬಾಕ್ಸ್ ತೆರೆಸುತ್ತಾರೆ.

ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮಗಳು ಚೆನ್ನಾಗಿಯೇ ಇವೆ. ಕಂಪನಿಯ ಒಳಗೇ ಹುಟ್ಟಿದ ಮಹತ್ವದ ಮಾಹಿತಿಯನ್ನು 12 ಗಂಟೆಯೊಳಗೆ ಷೇರುಪೇಟೆಗೆ ತಿಳಿಸಬೇಕು. ಹಣಕಾಸು ಫಲಿತಾಂಶದ ಜಾಹೀರಾತನ್ನು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ, ಜೊತೆಗೆ ಕಂಪನಿಯ ನೋಂದಾಯಿತ ಕಚೇರಿ ಇರುವ ಪ್ರದೇಶದ ಭಾಷೆಯ ಒಂದು ಪತ್ರಿಕೆಯಲ್ಲಿ ಹಾಕಬೇಕು. ಕಚೇರಿ ಮುಂಬೈನಲ್ಲಿದ್ದರೆ ಮರಾಠಿ, ಅಹಮದಾಬಾದಿನಲ್ಲಿದ್ದರೆ ಗುಜರಾತಿ. ದುಡ್ಡು ಹಾಕಿದವರು ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿದ್ದರೆ ಅವರಿಗೆ ಉಳಿಯುವುದು ಗ್ರೂಪಿನ ಮೆಸೇಜ್ ಮತ್ತು ನಿಮ್ಮ ಪತ್ರಿಕೆ. ಗ್ರೂಪಿನವರಿಗೆ ಹೇಳಿ ಪ್ರಯೋಜನವಿಲ್ಲ. ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ.

ನಾವು ಲಿಂಗನಮಕ್ಕಿ ಮಟ್ಟ ನೋಡುತ್ತಾ ಬೆಳೆದವರು. ಮಳೆಗಾಲದಲ್ಲಿ ನಿಮ್ಮ ಪತ್ರಿಕೆ ಕೈಗೆ ಬಂದ ಕೂಡಲೇ ಎಲ್ಲರೂ ಮೊದಲು ಹುಡುಕುವುದು ಆ ಸಣ್ಣ ಚೌಕ. ಗರಿಷ್ಠ 1,819 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು, ಕಳೆದ ವರ್ಷ ಇದೇ ದಿನ ಎಷ್ಟಿತ್ತು. ಅದನ್ನು ನೋಡಿದ ಮೇಲೆ 'ಜಲಾಶಯ ಭರ್ತಿ' ಎಂದು ಯಾರು ಎಷ್ಟೇ ಕೂಗಿದರೂ ಇಲ್ಲಿ ಯಾರೂ ನಂಬುವುದಿಲ್ಲ. ಸಮುದ್ರದ ಬಾವಿ ಸುದ್ದಿಯ ಕೆಳಗೂ ಅಂಥದ್ದೊಂದು ಚೌಕ ಹಾಕಿ. ಬ್ಲಾಕಿನಲ್ಲಿ ಕಂಪನಿಯ ಪಾಲು ಎಷ್ಟು, ಬಾವಿ ಯಾವ ಹಂತದಲ್ಲಿದೆ, ಹರಿಸಿ ನೋಡಿದ್ದಾರಾ, ಒಂದು ವರ್ಷದಲ್ಲಿ ಕಂಪನಿಯ ಒಟ್ಟು ಷೇರುಗಳ ಸಂಖ್ಯೆ ಎಷ್ಟು ಹೆಚ್ಚಾಗಿದೆ, ಕೈಯಲ್ಲಿರುವ ನಗದು ಎಷ್ಟು. ಇದೆಲ್ಲ ಕಂಪನಿಯದೇ ಪ್ರಕಟಣೆ, ತ್ರೈಮಾಸಿಕ ಷೇರುದಾರಿಕೆ ವಿವರ, ವಾರ್ಷಿಕ ವರದಿಯಲ್ಲಿ ಸಿಗುವಂಥದ್ದು. ಝೆರಾಕ್ಸ್ ಅಂಗಡಿಯಲ್ಲಿ ಕೂತು ನಾನೇ ಹುಡುಕುತ್ತೇನೆ ಅಂದ ಮೇಲೆ ನಿಮ್ಮ ವರದಿಗಾರರಿಗೆ ಕಷ್ಟವಲ್ಲ.

ಏಜೆನ್ಸಿಯಿಂದ ಬಂದ ಸುದ್ದಿ, ಜಾಗ ಕಮ್ಮಿ ಎಂದು ನೀವು ಹೇಳಬಹುದು. ಷೇರು ಎಷ್ಟು ಶೇಕಡಾ ಏರಿತು ಎಂಬ ಸಾಲನ್ನು ತೆಗೆಯಿರಿ. ಅದು ಎಲ್ಲರ ಮೊಬೈಲಿನಲ್ಲೂ ಇರುತ್ತದೆ. ಹಾಗೇ, ಪರೀಕ್ಷೆಯ ಫಲಿತಾಂಶ ಬಂದ ದಿನ ಅದಕ್ಕೂ ಮೊದಲ ಸುದ್ದಿಯಷ್ಟೇ ಜಾಗ ಕೊಡಿ. ಬಾವಿ ಬರಿದಾದ ಸುದ್ದಿ ನಿಮ್ಮಲ್ಲಿ ಮೂಲೆಯ ನಾಲ್ಕು ಸಾಲಿನಲ್ಲಿ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ನನ್ನ ಗಿರಾಕಿಗಳಲ್ಲಿ ಆ ಕಂಪನಿಯ ಷೇರು ಇನ್ನೂ ಇಟ್ಟುಕೊಂಡಿರುವವರಿದ್ದಾರೆ. ಎರಡನೇ ಬಾವಿಯ ಕೊರೆತ ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಅಂತೆ. ಚೌಕವನ್ನು ಅಷ್ಟರೊಳಗೆ ಶುರು ಮಾಡಿದರೆ ಅವರಿಗೆ ಉಪಯೋಗ.

ದಯವಿಟ್ಟು ನನ್ನ ಹೆಸರು, ಅಂಗಡಿ ಹೆಸರು ಹಾಕಬೇಡಿ. ಆ್ಯಪ್ ಹಾಕಿಕೊಂಡವರು ನಿಮ್ಮ ಚಂದಾದಾರರು.

ಇಂತಿ,
ಓದುಗ, ಸಾಗರ