ಅಟ್ರಿಷನ್ ಅಂದ್ರೆ ಸವಕಳಿ ಅಲ್ಲ ಸಾರ್

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ವಾಣಿಜ್ಯ ಪುಟದಲ್ಲಿ ಐಟಿ ಕಂಪನಿಗಳ ತ್ರೈಮಾಸಿಕ ಫಲಿತಾಂಶ ಬಂದಿತ್ತಲ್ಲ, ಅದರಲ್ಲಿ "ಸವಕಳಿ ದರ ಇಳಿಕೆ" ಅಂತ ಒಂದು ಸಾಲಿತ್ತು. ನಮ್ಮಪ್ಪ ಪಿಯು ಕಾಲೇಜಲ್ಲಿ ಅಕೌಂಟೆನ್ಸಿ ಪಾಠ ಮಾಡಿ ರಿಟೈರ್ ಆದೋರು, ಕಾಫಿ ಲೋಟ ಪಕ್ಕಕ್ಕಿಟ್ಟು "ಇದೇನಮ್ಮಾ, ಇವ್ರು ಡಿಪ್ರಿಸಿಯೇಷನ್ ಕಮ್ಮಿ ಹಾಕಿ ಲಾಭ ಜಾಸ್ತಿ ತೋರಿಸ್ತಿದಾರಾ" ಅಂದ್ರು. ಅವರದ್ದೇನೂ ತಪ್ಪಿಲ್ಲ, ಕಾಮರ್ಸ್ ಪುಸ್ತಕದಲ್ಲಿ ಸವಕಳಿ ಅಂದ್ರೆ ಡಿಪ್ರಿಸಿಯೇಷನ್ನೇ, ಮೆಷೀನು ಗಿಷೀನಿನ ಬೆಲೆ ವರ್ಷ ವರ್ಷ ಇಳಿಯೋದು. ನನಗೂ ಎರಡು ಸಲ ಓದಿದ ಮೇಲೇನೇ ಹೊಳೆದಿದ್ದು, ಓ ಇದು ನಮ್ಮ ಆಫೀಸಿನ ಅಟ್ರಿಷನ್ನು, ಅಂದ್ರೆ ಕೆಲಸ ಬಿಟ್ಟು ಹೋಗೋರ ಲೆಕ್ಕ ಅಂತ.

ನಾನು ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿ ಎಚ್‌ಆರ್ ಕೆಲಸ ಮಾಡೋಳು, ವಿಜಯನಗರದಿಂದ ಪರ್ಪಲ್ ಲೈನ್ ಮೆಟ್ರೋ ಹತ್ತಿದ್ರೆ ಕೂರೋಕೆ ಜಾಗ ಸಿಕ್ಕಿದ ದಿನ ಹಬ್ಬ. ಈ ಪದನ ದಿನಕ್ಕೆ ಹತ್ತು ಸಲ ಆಡ್ತೀನಿ, ಅದರ ಎಕ್ಸೆಲ್ ಶೀಟೂ ನಂದೇ. ಆದ್ರೆ ಅದರ ಅರ್ಥದ ಬಗ್ಗೆ ತಲೆ ಕೆಡಿಸ್ಕೊಂಡಿದ್ದು ಮೊನ್ನೆ ಮೊನ್ನೆ, ಅದೂ ಹಲ್ಲಿನ ಡಾಕ್ಟ್ರ ಹತ್ರ. ಬಾಯಿ ತೆಗೆಸಿ ನೋಡಿ "ಅಟ್ರಿಷನ್ ಜಾಸ್ತಿ ಇದೆ ನಿಮ್ದು" ಅಂದ್ರು. ಗೊತ್ತು ಡಾಕ್ಟ್ರೇ, ಮೇಲಿನೋರು ದಿನಾ ಅದನ್ನೇ ಕೇಳ್ತಾರೆ ಅಂದೆ. ಅವರಿಗೆ ಅರ್ಥ ಆಗ್ಲಿಲ್ಲ ಪಾಪ.

ಆಮೇಲೆ ಅವರೇ ಬಿಡಿಸಿ ಹೇಳಿದ್ರು. ಬ್ರಷ್ ಹಾಕಿ ಗಸಗಸ ತಿಕ್ಕಿ ಹಲ್ಲು ಸವೆದ್ರೆ ಅದು ಅಬ್ರೇಷನ್, ಸೋಡಾ ನಿಂಬೆಹುಳಿ ಕುಡಿದೂ ಕುಡಿದೂ ಕರಗಿದ್ರೆ ಎರೋಷನ್, ಹಲ್ಲಿಗೆ ಹಲ್ಲೇ ಉಜ್ಜಿ ಸವೆದ್ರೆ ಮಾತ್ರ ಅಟ್ರಿಷನ್, ನೀವು ರಾತ್ರಿ ನಿದ್ದೇಲಿ ಹಲ್ಲು ಕಡೀತೀರ ಅಂತ. ಹೊಳೇಲಿ ಕಲ್ಲುಗಳು ಒಂದಕ್ಕೊಂದು ತಾಗಿ ತಾಗಿ ಗುಂಡಗಾಗ್ತಾವಲ್ಲ, ಭೂಗೋಳದಲ್ಲಿ ಅದಕ್ಕೂ ಅಟ್ರಿಷನ್ ಅಂತಾನೇ ಹೆಸರು. ಮೂಲ ಲ್ಯಾಟಿನ್, 'ತೆರೆರೆ' ಅಂದ್ರೆ ಉಜ್ಜೋದು, ತಿಕ್ಕೋದು. ನಮ್ಮಲ್ಲಿ ತೇಯೋದು ಅಂತೀವಲ್ಲ ಅದೇ, ಗಂಧದ ಕೊರಡನ್ನ ಸಾಣೆಕಲ್ಲಿಗೆ ತೇಯ್ದ ಹಾಗೆ. (ಅಮೆರಿಕದಲ್ಲಿರೋ ನಮ್ಮಕ್ಕ ಹಬ್ಬಕ್ಕೆ ಬಂದಾಗ ತೇಯೋದು ಅನ್ನೋ ಮಾತೇ ನೆನಪಾಗದೆ "ಗಂಧ ಗ್ರೈಂಡ್ ಮಾಡ್ಲಾ" ಅಂದ್ಲು. ಹೀಗೆ ಬಳಸದೆ ಬಳಸದೆ ಸ್ವಂತ ಭಾಷೆ ಜಾರಿ ಹೋಗೋದಕ್ಕೂ ಭಾಷಾಶಾಸ್ತ್ರದೋರು ಲ್ಯಾಂಗ್ವೇಜ್ ಅಟ್ರಿಷನ್ ಅಂತಾರಂತೆ, ಅವಳಿಗೆ ಹೇಳಿದ್ದಕ್ಕೆ ಮುನಿಸ್ಕೊಂಡ್ಲು.)

ಇಂಗ್ಲಿಷ್‌ಗೆ ಈ ಪದ ಮೊದಲು ಬಂದಿದ್ದು ಚರ್ಚ್ ಬಾಗಿಲಿಂದ, ಅದು ನನಗೆ ತುಂಬಾ ಮಜಾ ಅನ್ನಿಸ್ತು. ದೇವರ ಮೇಲಿನ ಪ್ರೀತಿಯಿಂದ ಪಾಪಕ್ಕೆ ಮರುಗಿದ್ರೆ ಕಾಂಟ್ರಿಷನ್, ಬರೀ ನರಕದ ಭಯಕ್ಕೆ ಮರುಗಿದ್ರೆ ಅಟ್ರಿಷನ್, ಅಂದ್ರೆ ಸೆಕೆಂಡ್ ಕ್ಲಾಸ್ ಪಶ್ಚಾತ್ತಾಪ. 1551ರಲ್ಲಿ ಟ್ರೆಂಟ್ ಅನ್ನೋ ಊರಲ್ಲಿ ಕ್ಯಾಥೊಲಿಕ್ ಧರ್ಮಸಭೆ ಕೂತು ಇದರ ಬಗ್ಗೆ ತೀರ್ಮಾನ ಬೇರೆ ಬರೆದಿದಾರೆ. ಆಮೇಲೆ ಮೊದಲನೇ ಮಹಾಯುದ್ಧದಲ್ಲಿ ವಾರ್ ಆಫ್ ಅಟ್ರಿಷನ್ ಅಂತ ಎಲ್ಲರ ಬಾಯಿಗೂ ಬಂತು. 1916ರಲ್ಲಿ ಫ್ರಾನ್ಸಿನ ವರ್ಡನ್‌ನಲ್ಲಿ ಫ್ರೆಂಚರು ಜರ್ಮನ್ನರು ಸುಮಾರು ಹತ್ತು ತಿಂಗಳು ಒಬ್ಬರನ್ನೊಬ್ಬರು ಸವೆಸಿದ್ರು, ಎರಡೂ ಕಡೆ ಸೇರಿ ಸತ್ತೋರು ಮೂರು ಲಕ್ಷದ ಹತ್ರ, ಎರಡು ಸೈನ್ಯದ ನಡುವಿನ ಗೆರೆ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು.

ಗಮನಿಸಿ, ಹಲ್ಲಾಗ್ಲಿ ಕಲ್ಲಾಗ್ಲಿ ಸೈನ್ಯ ಆಗ್ಲಿ, ಉಜ್ಜೋಕೆ ಎರಡು ಬೇಕು. ಆಫೀಸಿಗೆ ಬಂದ ಕೂಡ್ಲೇ ಅದರಲ್ಲಿ ಒಂದು ಮಾಯ ಆಗ್ಬಿಡತ್ತೆ. "ಈ ಕ್ವಾರ್ಟರ್ ಅಟ್ರಿಷನ್ ಜಾಸ್ತಿ ಇತ್ತು" ಅಂದ್ರೆ ಮಳೆ ಜಾಸ್ತಿ ಬಂತು ಅನ್ನೋ ಧಾಟಿ, ಯಾರು ಯಾರಿಗೆ ಉಜ್ಜಿದ್ರು ಅಂತ ಯಾರೂ ಕೇಳಲ್ಲ.

ಇನ್ನೊಂದು ಏನಪ್ಪಾ ಅಂದ್ರೆ, ಇಂಗ್ಲೆಂಡ್ ಅಮೆರಿಕದ ಪೇಪರ್‌ನಲ್ಲಿ ಅಟ್ರಿಷನ್ ಮೂಲಕ ಸಿಬ್ಬಂದಿ ಇಳಿಸ್ತೀವಿ ಅಂತ ಬಂದ್ರೆ ಅರ್ಥ ಏನು, ಯಾರನ್ನೂ ತೆಗೆಯಲ್ಲ, ರಿಟೈರ್ ಆದೋರ ಬಿಟ್ಟು ಹೋದೋರ ಜಾಗ ತುಂಬಲ್ಲ ಅಂತ. ಅಂದ್ರೆ ಒಟ್ಟು ತಲೆ ಕಮ್ಮಿ ಆಗ್ಬೇಕು. ನಮ್ಮ ಬೆಂಗಳೂರಲ್ಲಿ ಉಲ್ಟಾ, ಒಬ್ಬ ಹೋದ್ರೆ ಇನ್ನೊಬ್ಬನ್ನ ತರ್ತಾರೆ, ಆದ್ರೂ ಅಟ್ರಿಷನ್ನೇ. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೊಸಿಸ್ ಅಟ್ರಿಷನ್ 28.4 ಪರ್ಸೆಂಟ್ ಅಂತ ಬಂದಿತ್ತು, ಅದು ಹಿಂದಿನ ಹನ್ನೆರಡು ತಿಂಗಳಲ್ಲಿ ತಾವಾಗಿ ಬಿಟ್ಟವರ ಲೆಕ್ಕ, ಅದೇ ಹೊತ್ತಲ್ಲಿ ಕಂಪನಿಯ ಒಟ್ಟು ಉದ್ಯೋಗಿಗಳ ಸಂಖ್ಯೆ ಏರಿ 3.3 ಲಕ್ಷ ದಾಟಿತ್ತು. ಈಗ ಹೇಳಿ, ಇದಕ್ಕೆ ಸವಕಳಿ ಅಂತ ಬರೆದ್ರೆ ಓದೋರು ಏನಂತ ತಿಳ್ಕೋಬೇಕು? ಹಿಗ್ಗಿರೋದಕ್ಕೆ ಸವೆದಿದೆ ಅಂದಂಗಾಯ್ತು.

ಆ "ತಾವಾಗಿ" ಅನ್ನೋದೂ ಒಂದು ದೊಡ್ಡ ಕಥೆ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಮೀಟಿಂಗ್ ರೂಮಿಗೆ ಕರೆದು ನೀರು ಕೊಟ್ಟು, ನೀವೇ ರಿಸೈನ್ ಮಾಡಿದ್ರೆ ರಿಲೀವಿಂಗ್ ಲೆಟರ್ ಚೆನ್ನಾಗಿರತ್ತೆ ಅಂತ ಹೇಳಿ ಬರೆಸ್ಕೊಳ್ತಿದ್ರು, ಶೀಟಲ್ಲಿ ಅದೂ ವಾಲಂಟರಿ. ಆ ಕಾಲಮ್ ತುಂಬಿಸಿದ ಕೈ ನಂದೇ, ಸುಳ್ಳು ಯಾಕೆ ಹೇಳ್ಲಿ. ಆಗ ನಮ್ಮ ಹನ್ನೊಂದು ಜನದ ಟೀಮಲ್ಲಿ ಮೂರು ಜನ ಹೋದ್ರು, ಆರು ತಿಂಗಳು ಬದಲಿಗೆ ಯಾರೂ ಬರ್ಲಿಲ್ಲ, ಅವರ ಕೆಲಸನೆಲ್ಲ ಮಿಕ್ಕ ಎಂಟು ಜನ ಹಲ್ಲು ಕಚ್ಚಿಕೊಂಡು ಮಾಡಿದ್ವಿ. ಹೋದ ಮೂರೂ ಜನ ಈಗ ಚೆನ್ನಾಗಿದಾರೆ, ಒಬ್ಬಳು ಮೈಸೂರಲ್ಲಿ ಮನೆ ಕಟ್ಟಿಸ್ತಿದಾಳೆ. ಸವೆದಿರೋದು ನನ್ನ ಹಲ್ಲು ಸಾರ್, ಆ ಲೆಕ್ಕ ಯಾವ ಶೀಟಲ್ಲೂ ಇಲ್ಲ. ರಾತ್ರಿ ಹಾಕ್ಕೊಂಡು ಮಲಗೋಕೆ ಡಾಕ್ಟ್ರು ಒಂದು ಪ್ಲಾಸ್ಟಿಕ್ ಗಾರ್ಡ್ ಮಾಡಿಸಿ ಕೊಟ್ಟಿದಾರೆ, ಅದನ್ನ ನೋಡಿದ್ರೆ ನಮ್ಮ ಮಗ ಬಾಕ್ಸಿಂಗ್ ಬಾಕ್ಸಿಂಗ್ ಅಂತ ನಗ್ತಾನೆ.

ಹಾಗಾಗಿ ವಿನಂತಿ ಇಷ್ಟೇ. ಹಲ್ಲಿಗೆ ಸವೆತ ಅನ್ನಿ, ಮಣ್ಣಿಗೂ ಮೆಷೀನಿಗೂ ಸವಕಳಿ ಅನ್ನಿ, ಬೇಡ ಅನ್ನಲ್ಲ. ಕಂಪನಿ ಸುದ್ದೀಲಿ ಮಾತ್ರ "ಕೆಲಸ ಬಿಟ್ಟವರ ಪ್ರಮಾಣ" ಅಂತ ಬರೀರಿ, ಹೆಡ್‌ಲೈನ್‌ಗೆ ಉದ್ದ ಆಯ್ತು ಅಂದ್ರೆ ಸುಮ್ನೆ ಅಟ್ರಿಷನ್ ಅಂತಲೇ ಹಾಕಿ, ಓದೋರಿಗೆ ಗೊತ್ತಾಗತ್ತೆ. ಜೊತೆಗೆ ಅದು ತಾವಾಗಿ ಬಿಟ್ಟವರ ಲೆಕ್ಕನಾ, ಕಂಪನಿ ತೆಗೆದವರೂ ಸೇರಿದಾರಾ, ಮೂರು ತಿಂಗಳದ್ದಾ ವರ್ಷದ್ದಾ, ಇಷ್ಟು ಒಂದು ಸಾಲಲ್ಲಿ ಕೊಟ್ರೆ ಇನ್ನೂ ಉಪಕಾರ. ಅಪ್ಪ ಈಗ ಬೇರೆ ಕೇಳ್ತಿದಾರೆ, ಮೆಷೀನಿನ ಸವಕಳಿಯನ್ನ ಪ್ರತಿ ವರ್ಷ ಖರ್ಚಿನ ಕಡೆ ಬರೀತಾರೆ, ನಿಮ್ಮದನ್ನ ಎಲ್ಲಿ ಬರೀತಾರೆ ಅಂತ. ನನ್ನ ಹತ್ರ ಉತ್ತರ ಇಲ್ಲ, ನಿಮ್ಮ ವಾಣಿಜ್ಯ ಪುಟದೋರಿಗೆ ಗೊತ್ತಿದ್ರೆ ಪ್ರಿಂಟ್ ಮಾಡಿ.

ಇಂತಿ,
ನಿಮ್ಮ ಹಳೇ ಓದುಗಳು
ವಿಜಯನಗರ, ಬೆಂಗಳೂರು