ಬೀಗದ ಕೈ ಯಾರ ಹತ್ರ?

ಲೋ ಸೀನ,

ಮೆಸೇಜ್ ಹಾಕಿದರೆ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗ್ತೀಯ. ಅದಕ್ಕೇ ಈ ಸಲ ನಾಲ್ಕು ಜನರ ಎದುರಿಗೆ ಬರೀತಿದ್ದೇನೆ. ತಪ್ಪಿಸಿಕೋ ನೋಡೋಣ. ಹೆದರಬೇಡ, ಛತ್ರಿ ವಿಷಯ ಎತ್ತಲ್ಲ.

ನಮ್ಮ ಬಿಲ್ಡಿಂಗಿನ ರಾತ್ರಿ ಕಾವಲಿನ ಹುಡುಗ ನೇಪಾಳದ ರೋಲ್ಪಾದವನು. 1996ರಲ್ಲಿ ಮಾವೋವಾದಿಗಳ ಯುದ್ಧ ಶುರುವಾದ ಕಡೆ. ಮೊನ್ನೆ ಕರೆಂಟ್ ಹೋದಾಗ ಮೆಟ್ಟಿಲ ಮೇಲೆ ಕೂತು ಮಾತಾಡಿದೆವು. ಅವನ ಚಿಕ್ಕಪ್ಪನನ್ನು ಒಂದು ರಾತ್ರಿ ಕರೆದುಕೊಂಡು ಹೋದರಂತೆ. ಯಾರು ಅಂತ ಕೇಳಿದೆ. "ಕತ್ತಲಿತ್ತು ಸಾರ್" ಅಂದ. ಅಷ್ಟೇ.

ಆಮೇಲೆ ಮೂರು ರಾತ್ರಿ ಅದನ್ನೇ ಓದಿದೆ. ಮೊದಲು ಬಂದೂಕು ಒಪ್ಪಿಸ್ತಾರೆ, ಶಾಂತಿ ಬರುತ್ತೆ, ಆಮೇಲೆ ಚುನಾವಣೆ ಅಂದುಕೊಂಡಿದ್ದೆ. ಅಲ್ಲಿ ಆಗಿದ್ದೇ ಬೇರೆ. 2006ರ ನವೆಂಬರ್‌ನಲ್ಲಿ ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲ ಮತ್ತು ಮಾವೋವಾದಿ ನಾಯಕ ಪ್ರಚಂಡ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಬಂದೂಕುಗಳನ್ನು ಕಂಟೇನರಿಗೆ ತುಂಬಿ ಬೀಗ ಜಡಿದರು. ಬೀಗದ ಕೈ ಮಾತ್ರ ಮಾವೋವಾದಿಗಳ ಹತ್ರಾನೇ! ಯಾರಾದರೂ ತೆಗೆದರೆ ಕೂಗಲಿ ಅಂತ ವಿಶ್ವಸಂಸ್ಥೆಯವರ ಸೈರನ್. ಸರ್ಕಾರದ ಸೈನ್ಯವೂ ಅಷ್ಟೇ ಸಂಖ್ಯೆಯ ಬಂದೂಕು ಒಳಗಿಡಬೇಕಿತ್ತು. 2007ರ ಜನವರಿಯಲ್ಲಿ ಈ ಕೆಲಸ ಶುರುವಾಗುವ ಹೊತ್ತಿಗೆ ಮಾವೋವಾದಿಗಳ 83 ಜನ ಮಧ್ಯಂತರ ಸಂಸತ್ತಿನಲ್ಲಿ ಕೂತಾಗಿತ್ತು. ಮರುವರ್ಷದ ಸಂವಿಧಾನ ಸಭೆ ಚುನಾವಣೆಯಲ್ಲಿ ಅವರದೇ ದೊಡ್ಡ ಪಕ್ಷ. ಇನ್ನು ಕಂಟೇನರ್ ಯಾರಿಗೆ ಬೇಕು?

ಆಫ್ರಿಕಾದ ಅಂಗೋಲಾದಲ್ಲಿ ಹೀಗಾಗಲಿಲ್ಲ. ಅಲ್ಲಿ 1992ರ ಚುನಾವಣೆ ಗೆದ್ದವನಿಗೇ ಎಲ್ಲ ಅನ್ನೋ ಥರ ಇತ್ತು. ಬಂಡುಕೋರರ ನಾಯಕ ಸವಿಂಬಿ ಸೋತ, ಮತ್ತೆ ಕಾಡು ಸೇರಿದ. 2002ರಲ್ಲಿ ಅವನು ಸಾಯುವ ತನಕ ಯುದ್ಧ ಮುಗಿಯಲಿಲ್ಲ.

ನೇಪಾಳದ ಅದೇ ಒಪ್ಪಂದದಲ್ಲಿ ಇನ್ನೊಂದು ಮಾತೂ ಇತ್ತು. ಸತ್ತವರ, ಕಾಣೆಯಾದವರ ಹೆಸರನ್ನು 60 ದಿನದೊಳಗೆ ಹೇಳ್ತೇವೆ ಅಂತ. ಕುರ್ಚಿಗಳೆಲ್ಲ ಸಿಕ್ಕವು. ಚಿಕ್ಕಪ್ಪನ ಸುದ್ದಿ ಸಿಕ್ಕಿಲ್ಲ. ಎರಡೂ ಕಡೆಯವರು ಮಾಡಿದ್ದೇ ಅಲ್ವಾ, ಯಾರು ಯಾರನ್ನ ಕೇಳಬೇಕು?

ಸರಿ, ನಿನಗ್ಯಾಕೆ ಇದೆಲ್ಲ ಅಂತೀಯ. ನಾವಿಬ್ಬರೂ ಜಗಳ ಮುಗಿಸಿ ಬೈಟು ಕಾಫಿ ಕುಡಿದೆವಲ್ಲ, ನೆನಪಿದೆಯಾ? ಆ ಜಗಳದ ನಿನ್ನ ಮೆಸೇಜುಗಳ ಸ್ಕ್ರೀನ್‌ಶಾಟ್ ನನ್ನ ಫೋನಲ್ಲಿ ಇನ್ನೂ ಇವೆ. ಒಟ್ಟು ಹನ್ನೊಂದು. ಆಗಾಗ ತೆಗೆದು ಓದ್ತೇನೆ. ನೀನು ನಮ್ಮನೇಲಿ ಒಬ್ಬಟ್ಟು ತಿಂದು ಹೋದ ರಾತ್ರಿಯೂ ಓದಿದ್ದೆ.

ನಿನ್ನ ಅಪ್ಪನ ಬಗ್ಗೆ ನಾನು ಬರೆದ ಸಾಲಿನದು ಮಾತ್ರ ಅದರಲ್ಲಿ ಇಲ್ಲ. ಅದನ್ನು ಅವತ್ತೇ ಡಿಲೀಟ್ ಮಾಡಿದ್ದೆ. ನೀನು ಅಷ್ಟರಲ್ಲಿ ಓದಿದ್ದೆಯಾ ಇಲ್ವಾ, ಇವತ್ತಿಗೂ ಕೇಳಿಲ್ಲ.

ಇಷ್ಟು ಬರೆಯೋ ಪ್ಲಾನ್ ಇರಲಿಲ್ಲ ಮಾರಾಯ. ಓದುತ್ತಿರುವ ಉಳಿದವರು ಕಣ್ಣು ಮುಚ್ಚಿಕೊಳ್ಳಿ. ಹೇಗೂ ಜಾಗ ತುಂಬಿದೆ ಅಂತ ಫೋನ್ ದಿನಾ ಬೈತಿದೆ. ಭಾನುವಾರ ಬಾ, ಹನ್ನೊಂದನ್ನೂ ನಿನ್ನ ಎದುರಿಗೇ ಅಳಿಸ್ತೇನೆ. ಇಲ್ಲಾಂದ್ರೆ ನಿನ್ನ ಮದುವೆಯ ಡ್ಯಾನ್ಸ್ ವಿಡಿಯೊ ಅಳಿಸ್ತೇನೆ, ಅದೇ ಜಾಸ್ತಿ ಜಾಗ ತಿನ್ನೋದು.

ಮಳೆ ಇದೆ. ಛತ್ರಿ ತಾ.

ನಿನ್ನ,
ಅದೇ ಅವನು